ನೀವು ಮೊದಲು ಹೋಗಿ

ನಮ್ಮ ಕಾರಿನ ಬಲಗಡೆಯ ಸೀಟಿನ ಮುಂದೆ ಹಾಸಿರುವ ರಬ್ಬರ್ ಮ್ಯಾಟು ಒಂದೇ ಜಾಗದಲ್ಲಿ ಸವೆದು ಬೆಳ್ಳಗಾಗಿದೆ. ಅಮೆರಿಕದ ಕಾರಿನಲ್ಲಿ ಆ ಕಡೆ ಸ್ಟೀರಿಂಗೂ ಇಲ್ಲ, ಬ್ರೇಕೂ ಇಲ್ಲ. ಆದರೂ ಮಗಳಿಗೆ ಕಾರು ಕಲಿಸತೊಡಗಿದ ದಿನದಿಂದ ನನ್ನ ಬಲಗಾಲು ಅಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಮನೆಗೆ ಬಂದು ಅನ್ನಕ್ಕೆ ಇಟ್ಟರೂ ಮೀನಖಂಡ ಬಿಗಿದುಕೊಂಡೇ ಇರುತ್ತಿತ್ತು.

ಇಲ್ಲಿ ಮಕ್ಕಳಿಗೆ ಮೊದಲು ಕಲಿಯುವ ಪರ್ಮಿಟ್ಟು ಕೊಡುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಲೈಸೆನ್ಸ್ ಇರುವ ದೊಡ್ಡವರೊಬ್ಬರು ಪಕ್ಕದಲ್ಲಿ ಕೂತು ಓಡಿಸಬೇಕು. ನಮ್ಮ ಮನೆಯಲ್ಲಿ ಆ ಕೆಲಸ ಮೊದಲು ನನ್ನ ಗಂಡನ ಪಾಲಿಗೆ ಬಂದಿತ್ತು. ಭಾನುವಾರ ಬೆಳಿಗ್ಗೆ, ದಿನಸಿ ಅಂಗಡಿ ಇನ್ನೂ ತೆರೆಯದ ಹೊತ್ತಿನಲ್ಲಿ, ಅದರ ಖಾಲಿ ಪಾರ್ಕಿಂಗ್ ಜಾಗಕ್ಕೆ ಇಬ್ಬರೂ ಹೋದರು. ಸ್ವಲ್ಪ ಹೊತ್ತಿನಲ್ಲೇ ಮಗಳು ಒಬ್ಬಳೇ ನಡೆದುಕೊಂಡು ಮನೆಗೆ ಬಂದಳು.

"ಅಪ್ಪನ ಜೊತೆ ನಾನು ಹೋಗಲ್ಲ. ಹೀ ಡಸಂಟ್ ಟೀಚ್, ಹೀ ಜಸ್ಟ್ ಸ್ಕ್ರೀಮ್ಸ್."

ಹಿಂದೆಯೇ ಬಂದ ನನ್ನವರು ಬೀಗದ ಕೈಯನ್ನು ನನ್ನ ಮುಂದೆ ಇಟ್ಟರು. "ನೀನೇ ಕಲಿಸು ಮಹಾತಾಯಿ. ನಿನಗಂತೂ ಕಿರುಚೋದಕ್ಕೆ ಬರಲ್ಲ. ಅವಳು ಗೋಡೆಗೆ ಗುದ್ದಿದ್ರೂ ಗೋಡೆಗೆ ಸಾರಿ ಹೇಳ್ತೀಯ."

ಮಗಳು ಬೇಸಿಗೆಯ ಹೊತ್ತಿಗೆ ಲೈಸೆನ್ಸ್ ತೆಗೆದುಕೊಳ್ಳಬೇಕೆಂದಿದ್ದಳು. ಅವಳು ಈಜಲು ಹೋಗುವ ಕೊಳ ಇರುವುದು ಪಕ್ಕದ ಊರು ಯೂನಿಯನ್ ಸಿಟಿಯಲ್ಲಿ. ಬೆಳಿಗ್ಗೆ ಅಪ್ಪ ಸನ್ನಿವೇಲ್‌ನ ಆಫೀಸಿಗೆ ಹೊರಡುವ ಮೊದಲು ಅವಳನ್ನು ಬಿಟ್ಟು ಬರುವುದು, ಆಮೇಲೆ ನಾನು ಕರೆತರುವುದು, ಇದೆಲ್ಲ ತಪ್ಪಿ ಅವಳೇ ಹೋಗಿಬರಬಹುದಿತ್ತು. ಎಲ್ಲರಿಗೂ ಅನುಕೂಲವೇ. ಆದರೆ ಆ ದಿನ ಬಂದಾಗ ಬಲಗಡೆಯ ಸೀಟಿನಲ್ಲಿ ನಾನಿರುವುದಿಲ್ಲ. ನಾನು ಕಲಿಸಿದ್ದು ಮಾತ್ರ ಅವಳ ಜೊತೆ ಇರುತ್ತದೆ. ಅದರಲ್ಲಿ ಏನಾದರೂ ಒಂದು ತಪ್ಪಾಗಿದ್ದರೆ?

ಸಭ್ಯತೆ ಕಲಿಸುವುದರಲ್ಲಿ ಮಾತ್ರ ನನಗೆ ಅನುಮಾನವಿರಲಿಲ್ಲ. ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಅಲ್ಲಿಯ ಮರದ ಮೆಟ್ಟಿಲ ಮೇಲೆ ಎರಡು ಸಾಲು ಎದುರುಬದುರಾದರೆ ದೊಡ್ಡ ತರಗತಿಯವರು ಗೋಡೆಗೆ ಒತ್ತಿಕೊಂಡು ಚಿಕ್ಕವರಿಗೆ ದಾರಿ ಬಿಡಬೇಕಿತ್ತು. ಬಾಗಿಲಲ್ಲಿ ಯಾರೇ ಎದುರಾದರೂ ಅಂಗೈ ಚಾಚಿ, ಸ್ವಲ್ಪ ಬಾಗಿ, "ನೀವು ಮೊದಲು" ಅನ್ನಬೇಕಿತ್ತು. ಸಿಸ್ಟರ್ ಬಯ್ಯುತ್ತಲೂ ಇರಲಿಲ್ಲ, ಹೊಡೆಯುತ್ತಲೂ ಇರಲಿಲ್ಲ, ಬರಿದೇ ನೋಡುತ್ತಿದ್ದರು. ಆ ನೋಟ ಸಾಕಾಗುತ್ತಿತ್ತು. ಹೀಗಾಗಿ ಮದುವೆಯಾಗಿ ಇಲ್ಲಿಗೆ ಬಂದು ಕಾರು ಕಲಿತಾಗಲೂ ನನ್ನ ಅಂಗೈ ತಾನಾಗಿಯೇ ಚಾಚಿಕೊಳ್ಳುತ್ತಿತ್ತು.

ಇಲ್ಲಿಯ ಬಡಾವಣೆಗಳಲ್ಲಿ ನಾಲ್ಕು ಕಡೆಯೂ ಸ್ಟಾಪ್ ಫಲಕ ಇರುವ ಕೂಡುರಸ್ತೆಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಎಲ್ಲರೂ ನಿಲ್ಲಬೇಕು, ಮೊದಲು ಬಂದವರು ಮೊದಲು ಹೊರಡಬೇಕು. ನಾನು ಮೊದಲು ಬಂದಿದ್ದರೂ ಎದುರಿನವರಿಗೆ ಕೈ ಬೀಸಿ "ಹೋಗಿ" ಅನ್ನುತ್ತಿದ್ದೆ. ನಮ್ಮ ಫ್ರೀಮಾಂಟಿನಲ್ಲಿ ಎದುರಿನವರೂ ಬಹುಪಾಲು ನಮ್ಮವರೇ ಆಗಿರುತ್ತಾರೆ. ಅವರೂ ಕೈ ಬೀಸುತ್ತಾರೆ. ಊಟದ ಮನೆಯಲ್ಲಿ ಕೊನೆಯ ಹೋಳಿಗೆಗೆ ನಡೆಯುತ್ತದಲ್ಲ, ಅದೇ ಉಪಚಾರ. ನಿಮಗಿರಲಿ, ಅಯ್ಯೋ ನಿಮಗಿರಲಿ ಎನ್ನುತ್ತ ಇಬ್ಬರೂ ಒಟ್ಟಿಗೆ ಹೊರಟು, ಇಬ್ಬರೂ ಒಟ್ಟಿಗೆ ಬ್ರೇಕ್ ಹಾಕಿ, ನಕ್ಕು, ಮತ್ತೆ ಕೈ ಬೀಸುವುದು. ಅದರಲ್ಲಿ ನನಗೆ ಒಂದು ಸಣ್ಣ ಸಂತೋಷ ಇತ್ತು ಅನ್ನುವುದನ್ನು ಯಾಕೆ ಮುಚ್ಚಿಡಲಿ.

ಮಗಳಿಗೆ ಡ್ರೈವಿಂಗ್ ಶಾಲೆಯಲ್ಲೂ ಕೆಲವು ಪಾಠಗಳಿದ್ದವು. ಅಲ್ಲಿ ಕಲಿಸುವಾಕೆ ಡಿಫೆನ್ಸಿವ್ ಡ್ರೈವಿಂಗ್ ಅನ್ನುವುದನ್ನು ಒತ್ತಿ ಒತ್ತಿ ಹೇಳುತ್ತಿದ್ದಳಂತೆ. ರಸ್ತೆಯಲ್ಲಿರುವ ಪ್ರತಿಯೊಬ್ಬರೂ ಈಗಲೋ ಆಗಲೋ ತಪ್ಪು ಮಾಡುತ್ತಾರೆ ಎಂದುಕೊಂಡು, ಆ ತಪ್ಪಿಗೆ ಜಾಗ ಬಿಟ್ಟು ಓಡಿಸುವುದು.

"ಎಲ್ಲರ ಬಗ್ಗೆಯೂ ಕೆಟ್ಟದಾಗೇ ಯೋಚಿಸ್ಬೇಕಾ?" ಅಂದೆ.

"ಕೆಟ್ಟದಲ್ಲ ಅಮ್ಮ. ಜಸ್ಟ್... ದೇ ಮೈಟ್ ನಾಟ್ ಸೀ ಯು. ಮತ್ತೆ ಮ್ಯಾಮ್ ಹೇಳಿದ್ರು, ಜೋರಾಗಿ ಓಡಿಸೋವ್ರಿಗಿಂತ ತುಂಬಾ ನೈಸಾಗಿ ಓಡಿಸೋವ್ರನ್ನ ಕಂಡ್ರೆ ಅವರಿಗೆ ಭಯ ಅಂತೆ."

"ಯಾಕೆ? ನೈಸಾಗಿರೋದು ತಪ್ಪಾ?"

"ಅವರು ಮುಂದೆ ಏನು ಮಾಡ್ತಾರೆ ಅಂತ ಯಾರಿಗೂ ಗೊತ್ತಾಗಲ್ಲ ಅಂತೆ."

ಅವಳು ನನ್ನ ಬಗ್ಗೆಯೇ ಹೇಳುತ್ತಿದ್ದಾಳೆ ಅನ್ನಿಸಿ ನಾನು ಕಿಟಕಿಯ ಕಡೆ ತಿರುಗಿದೆ. ಯಾರದೋ ಅಂಗಳದ ನಿಂಬೆಗಿಡದಲ್ಲಿ ಹಣ್ಣು ತುಂಬಿತ್ತು. ಕೀಳುವವರಿರಲಿಲ್ಲ.

ಆದರೆ ಆ ಪಾಠ ಅವಳಿಗೆ ಹತ್ತಿತ್ತು, ಅದನ್ನು ನಾನೇ ಕಂಡೆ. 880 ಫ್ರೀವೇಯಲ್ಲಿ ಮುಂದಿನ ಪಿಕಪ್ಪಿನಿಂದ ಅಲ್ಯೂಮಿನಿಯಂ ಏಣಿಯೊಂದು ಸಡಿಲಾಗಿ ತೂಗಾಡುತ್ತಿತ್ತು. ಏಣಿಯ ತುದಿಗೆ ಕಟ್ಟಿದ ಕೆಂಪು ಬಟ್ಟೆ ಪಟಪಟ ಬಡಿದುಕೊಳ್ಳುವುದನ್ನು ನಾನು ನೋಡುತ್ತ ಕೂತಿದ್ದರೆ, ಅವಳು ಆಗಲೇ ಹಿಂದೆ ಸರಿದು ಪಕ್ಕದ ಲೇನಿಗೆ ಹೋಗಿಬಿಟ್ಟಿದ್ದಳು. ಪಿಕಪ್ಪನ್ನು ದಾಟಿ ಮುಂದೆ ಹೋದ ಮೇಲೆ ಏಣಿ ಬಿದ್ದದ್ದು ನಮಗೆ ಕನ್ನಡಿಯಲ್ಲಿ ಕಂಡಿತು. ಇನ್ನೊಂದು ದಿನ ನಿಂತಿದ್ದ ಕಾರಿನ ಬಾಗಿಲು ಫಟ್ಟನೆ ತೆರೆಯಿತು. ಆ ಬಾಗಿಲಿಗೂ ನಮಗೂ ನಡುವೆ ಒಂದು ಬಾಗಿಲಿನಷ್ಟು ಜಾಗವನ್ನು ಅವಳು ಮೊದಲೇ ಬಿಟ್ಟಿದ್ದಳು. ನನ್ನ ಬಾಯಲ್ಲಿ "ರಾಮಾ" ಅಂತ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಆಗೆಲ್ಲ ಅವಳು ಹಾರ್ನಿಗೆ ಕೈ ಹಾಕಿದರೆ ನಾನು ಅವಳ ಮಣಿಕಟ್ಟು ತಟ್ಟುತ್ತಿದ್ದೆ. "ಬೇಡ ಪುಟ್ಟ. ಹಾರ್ನ್ ಹೊಡೆಯೋದು ಮುಖದ ಮೇಲೆ ಕೂಗಿದ ಹಾಗೆ."

ಅದು ಶನಿವಾರದ ಸಂಜೆ, ಇನ್ನೂ ಬಿಸಿಲಿತ್ತು. ದಿನಸಿ ಮುಗಿಸಿ ಬರುತ್ತಿದ್ದೆವು. ನನ್ನ ಕಾಲ ಬಳಿಯ ಚೀಲದಿಂದ ಕರಿಬೇವಿನ ವಾಸನೆ ಬರುತ್ತಿತ್ತು. ನಮ್ಮ ಮನೆಯ ಹಿಂದಿನ ದೊಡ್ಡ ರಸ್ತೆಯಲ್ಲಿ ಹೋಗಲು ಎರಡು ಲೇನು, ಬರಲು ಎರಡು ಲೇನು, ನಡುವೆ ಗಿಡ ನೆಟ್ಟ ದಿಬ್ಬ. ಮಗಳು ಬಲಗಡೆಯ ಅಂಚಿನ ಲೇನಿನಲ್ಲಿದ್ದಳು. ಸಣ್ಣ ರಸ್ತೆಯೊಂದು ಬಂದು ಕೂಡುವ ಮೂಲೆಯಲ್ಲಿ ವಯಸ್ಸಾದ ಗಂಡ ಹೆಂಡತಿ ದಾಟಲು ನಿಂತಿದ್ದರು. ಅಲ್ಲಿ ಸಿಗ್ನಲ್ ಇರಲಿಲ್ಲ.

ಇಂಥ ಜೋಡಿಗಳು ಫ್ರೀಮಾಂಟಿನಲ್ಲಿ ಸಂಜೆಯಾದರೆ ಬೀದಿಬೀದಿಗೂ ಕಾಣುತ್ತಾರೆ. ಮಕ್ಕಳ ಮನೆಗೆ ಆರು ತಿಂಗಳಿಗೆಂದು ಬಂದವರು. ಅಜ್ಜಿ ಹಸಿರು ಇಳಕಲ್ ಸೀರೆಯ ಮೇಲೆ ಮೊಮ್ಮಗನದ್ದಿರಬಹುದಾದ ಶಾಲೆಯ ಹೆಸರಿನ ಸ್ವೆಟರ್ ಹಾಕಿ, ಕಾಲಿಗೆ ಬಿಳಿ ಶೂ ತೊಟ್ಟಿದ್ದರು. ನೆರಿಗೆಯನ್ನು ಒಂದು ಕೈಯಲ್ಲಿ ಸ್ವಲ್ಪ ಎತ್ತಿ ಹಿಡಿದಿದ್ದರು. ಅಜ್ಜ ಆ ಬಿಸಿಲಲ್ಲೂ ಮಂಕಿ ಕ್ಯಾಪು ಹಾಕಿದ್ದರು.

ಮಗಳು ನಿಲ್ಲಿಸಿದಳು. ಅದು ಸರಿಯೇ, ಕಾನೂನೂ ಹಾಗೆಯೇ ಹೇಳುತ್ತದೆ. ಆದರೆ ಅವರು ಹೊರಡಲಿಲ್ಲ. ಅಜ್ಜಿ ನಮ್ಮ ಕಾರನ್ನು ನೋಡಿದರು, ಅಜ್ಜನನ್ನು ನೋಡಿದರು, ಒಂದು ಕಾಲು ಇಳಿಸಿ ಮತ್ತೆ ಮೇಲಿಟ್ಟರು. ಹಿಂದಿನ ಕಾರಿನವರಿಗೆ ಎಷ್ಟು ಹೊತ್ತಾಗುತ್ತಿದೆಯೋ ಎಂದು ನನಗೆ ಮುಜುಗರ. ನಾನು ಗಾಜಿನ ಹತ್ತಿರಕ್ಕೆ ಬಾಗಿ, ನಕ್ಕು, ಅಂಗೈ ಚಾಚಿ ಎಡಕ್ಕೆ ಬೀಸಿದೆ. ನೀವು ಹೋಗಿ, ನೀವು ಮೊದಲು ಹೋಗಿ.

ಅಜ್ಜಿಯ ಕಣ್ಣು ನನ್ನ ಮುಖದ ಮೇಲೆ ನಿಂತಿತು. ಹಣೆಯ ಕುಂಕುಮ ಕಂಡಿರಬೇಕು. ಅವರ ಮುಖ ಅರಳಿತು. ನೆರಿಗೆ ಬಿಟ್ಟು ಎರಡೂ ಕೈ ಜೋಡಿಸಿ ನನಗೆ ನಮಸ್ಕಾರ ಮಾಡುತ್ತ, ನನ್ನನ್ನೇ ನೋಡುತ್ತ, ಸರಸರ ನಡೆದರು. ಕಾಯಿಸಿದ್ದಕ್ಕೆ ನಾಚಿಕೊಂಡವರ ನಡಿಗೆ ಅದು.

ಆಗ ಹಾರ್ನ್ ಕೂಗಿತು. ಒಂದೇ ಸಮನೆ, ಬಿಡದೆ. ನಮ್ಮದೇ ಕಾರಿನ ಹಾರ್ನ್. ನಾನು ಅದನ್ನು ಅಷ್ಟು ಜೋರಾಗಿ ಎಂದೂ ಕೇಳಿರಲಿಲ್ಲ. ಅಜ್ಜಿ ಬೆಚ್ಚಿ ನಿಂತರು, ನಮ್ಮ ಬಾನೆಟ್ಟಿನ ಎಡ ಮೂಲೆಗೆ ಸರಿಯಾಗಿ. ಮರುಕ್ಷಣ ಎಡಗಡೆಯ ಲೇನಿನಲ್ಲಿ ಹಿಂದಿನಿಂದ ಬಂದ ಬೂದು ಬಣ್ಣದ ಕಾರೊಂದು ಅವರ ಮುಂದೆಯೇ ಹಾದುಹೋಯಿತು. ಅದರ ಗಾಳಿಗೆ ಅವರ ಸೆರಗು ಎದ್ದು ಮುಖಕ್ಕೆ ಬಡಿಯಿತು. ನಮ್ಮ ಎತ್ತರದ ಕಾರಿನ ಮರೆಯಲ್ಲಿದ್ದ ಅಜ್ಜಿ ಆ ಕಾರಿನವನಿಗೆ ಕಂಡಿರಲು ಸಾಧ್ಯವೇ ಇರಲಿಲ್ಲ. ದೂರದಲ್ಲಿ ಅದರ ಬ್ರೇಕಿನ ಕೆಂಪು ದೀಪ ಹೊತ್ತಿ, ಆರಿ, ಕಾರು ಹೊರಟುಹೋಯಿತು.

ಮಗಳು ಅದನ್ನು ಎಡಗಡೆಯ ಕನ್ನಡಿಯಲ್ಲಿ ನೋಡಿದ್ದಳು. ಕೈ ಬೀಸಿದ ನಾನು ಯಾವ ಕನ್ನಡಿಯನ್ನೂ ನೋಡಿರಲಿಲ್ಲ.

ಅಜ್ಜಿ ಮತ್ತೆ ಅಂಚಿಗೆ ಹೋದ ಮೇಲೆ ಮಗಳು ಕಾರನ್ನು ಬದಿಗೆ ತಂದು ನಿಲ್ಲಿಸಿದಳು. ನಾನು ಇಳಿದು ಓಡಿದೆ. ಅಜ್ಜ ಅಜ್ಜಿಯ ರಟ್ಟೆ ಹಿಡಿದುಕೊಂಡಿದ್ದರು. ಹಿಡಿದ ಕೈ ಬಿಡದೆಯೇ ಗದರುತ್ತಿದ್ದರು.

"ಅಲ್ಲ, ಕಣ್ಣ ಎಲ್ಲಿಟ್ಟಿದ್ದಿ ನೀ? ಹುಬ್ಬಳ್ಳ್ಯಾಗ ಬಸ್ಸಿನ ನಡುವ ನುಸುಳಿ ದಾಟಾಕಿ, ಇಲ್ಲಿ ಬಂದು ಕಾರಿಗೆ ಕೈ ಮುಗಕೋತ ಹೊಂಟಿ!"

"ಸುಮ್ಮನಿರ್ರಿ. ಅವರು ಕೈ ಮಾಡಿದ್ರು, ಅದಕ್ಕ ಹೊಂಟೆ." ಅಜ್ಜಿ ನನ್ನನ್ನು ನೋಡಿ ಅರೆಬರೆ ನಕ್ಕರು. "ನಮ್ಮವರದಾರ, ಎಲ್ಲಾ ನೋಡೇ ಕೈ ಮಾಡ್ಯಾರ ಅನ್ಕೊಂಡೆನವಾ."

ಬೈದಿದ್ದರೆ ನನಗೆ ಅಳು ಬರುತ್ತಿರಲಿಲ್ಲ. "ನೋಡಿರಲಿಲ್ಲ ಅಮ್ಮ," ಅಂದೆ. "ನಾನು ಆ ಕಡೆ ನೋಡಲೇ ಇಲ್ಲ. ನನ್ನಿಂದ ದೊಡ್ಡ ತಪ್ಪಾಯ್ತು."

"ಇರಲಿ ಬಿಡವಾ. ಏನೂ ಆಗಿಲ್ಲಲ್ಲ? ಆ ಹಾರ್ನ್ ಯಾರು ಹೊಡದ್ರು?"

ಮಗಳು ಕಾರಿನಿಂದ ಇಳಿದು ಬಾಗಿಲು ಹಿಡಿದುಕೊಂಡೇ ನಿಂತಿದ್ದಳು. ಅಜ್ಜಿ ಅವಳ ಹತ್ತಿರ ಹೋಗಿ, ಗಲ್ಲ ಸವರಿ, ಬೆರಳುಗಳನ್ನು ತಮ್ಮ ಹಣೆಯ ಪಕ್ಕಕ್ಕೆ ಒತ್ತಿ ಲಟಲಟನೆ ಲಟಿಕೆ ಮುರಿದರು. "ನೂರು ವರ್ಷ ಬಾಳ, ನನ್ನ ಕೂಸ." ಮಗಳಿಗೆ ಆ ಮಾತು ಎಷ್ಟು ತಿಳಿಯಿತೋ. ಹಿಡಿದ ಬಾಗಿಲನ್ನು ಮಾತ್ರ ಅವಳು ಬಿಡಲಿಲ್ಲ.

ಮನೆಗೆ ಬಿಟ್ಟುಬರುತ್ತೇನೆ ಅಂದೆ. ಅಜ್ಜ ಎರಡೂ ಕೈ ಎತ್ತಿಬಿಟ್ಟರು. "ಬ್ಯಾಡ್ರಿ ತಾಯಿ. ಕಾರಂದ್ರ ಇವತ್ತಿಗೆ ಸಾಕು. ಸಿಗ್ನಲ್ಲಿನ ತನಕ ನಡಕೋತ ಹೋಗಿ ದಾಟತೀವಿ." ಸ್ವಲ್ಪ ದೂರ ಹೋದ ಮೇಲೂ ಅವರ ಗದರಿಕೆ ಕೇಳುತ್ತಿತ್ತು. "ಇಲ್ಲಿ ಎಲ್ಲಾರೂ ನಿಲ್ಲತಾರ ಅಂತ ನೀ ನೋಡೋದ ಬಿಟ್ಟಿ."

ಉಳಿದ ದಾರಿ ನಾನೇ ಓಡಿಸಿದೆ. ಮನೆಯ ಮುಂದೆ ಎಂಜಿನ್ ಆರಿಸಿದರೂ ಮಗಳು ಇಳಿಯಲಿಲ್ಲ.

"ಅಮ್ಮ, ಅವರು ರೋಡ್ ನೋಡ್ತಾ ಇರ್ಲಿಲ್ಲ," ಅಂದಳು. "ಶೀ ವಾಸ್ ಲುಕಿಂಗ್ ಅಟ್ ಯು."

ನಾನು ದಿನಸಿಯ ಚೀಲ ಎತ್ತಿಕೊಂಡೆ. ಅವಳು ಒಳಗೆ ಹೋದಳು. ಆಮೇಲೆ ಸ್ಟೀರಿಂಗ್ ಮುಟ್ಟಲೇ ಇಲ್ಲ. ಈ ವಾರ ಪರೀಕ್ಷೆ ಇದೆ ಅನ್ನುವಳು, ಕಾಲು ನೋವು ಅನ್ನುವಳು. ಲೈಸೆನ್ಸಿನ ಮಾತು ತೆಗೆದರೆ, "ಮೇ ಬಿ ನೆಕ್ಸ್ಟ್ ಇಯರ್" ಎಂದು ತಟ್ಟೆಯಲ್ಲಿ ಬೆರಳಾಡಿಸುವಳು. ಏಣಿಯಿಂದ, ಬಾಗಿಲಿನಿಂದ ನಮ್ಮಿಬ್ಬರನ್ನೂ ಕಾಪಾಡಿದ ಹುಡುಗಿ ಈಗ ಪರ್ಮಿಟ್ಟನ್ನು ಪುಸ್ತಕದ ನಡುವೆ ಇಟ್ಟು ಮರೆತವಳಂತೆ ಇದ್ದಳು. ನನ್ನ ಕೈಯಿಂದ ಅವಳ ಧೈರ್ಯ ಹೋಯಿತಲ್ಲ ಅನ್ನುವುದು ದೋಸೆ ಮಗುಚುವಾಗಲೂ ಬಟ್ಟೆ ಮಡಿಸುವಾಗಲೂ ನನ್ನನ್ನು ಬಿಡಲಿಲ್ಲ.

ನನ್ನವರಿಗೆ ಎಲ್ಲ ಹೇಳಿದೆ. ಅವರು ಕಿರುಚಲಿಲ್ಲ. ಕಾಫಿ ಲೋಟ ಕೆಳಗಿಟ್ಟು, "ಇಬ್ಬರೂ ಸೇರಿ ಅವಳಿಗೆ ಎರಡು ರೋಗ ಅಂಟಿಸೋದ್ರಲ್ಲಿದ್ವಿ ಕಣೆ," ಅಂದರು. "ನಂದು ಕಿರುಚಾಟ, ನಿಂದು ಉಪಚಾರ."

"ನಿಮ್ಮ ಕಿರುಚಾಟದಿಂದ ಯಾರೂ ಸಾಯಲ್ಲ."

"ನನ್ನ ಕಿರುಚಾಟಕ್ಕೆ ಯಾರೂ ಕೈ ಮುಗಿಯೋದೂ ಇಲ್ಲ ಬಿಡು."

ಕೈ ಬೀಸುವುದನ್ನು ಬಿಡಬೇಕು ಎಂದು ಹೊರಟ ಮೇಲೆ ಅದು ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿಯಿತು. ಅಂಗಡಿಯ ಸಾಲಿನಲ್ಲಿ, ದೇವಸ್ಥಾನದ ಪ್ರಸಾದದ ಸಾಲಿನಲ್ಲಿ, ಲಿಫ್ಟಿನ ಬಾಗಿಲಲ್ಲಿ ಅಂಗೈ ತಾನೇ ಚಾಚಿಕೊಳ್ಳುತ್ತಿತ್ತು. ಅಲ್ಲೆಲ್ಲ ತೊಂದರೆಯಿಲ್ಲ. ಬಾಗಿಲಲ್ಲಿ ನಾನು ದಾರಿ ಬಿಟ್ಟರೆ ಬಿಟ್ಟದ್ದು ನನ್ನ ಜಾಗವನ್ನು ಮಾತ್ರ. ರಸ್ತೆಯಲ್ಲಿ ನನ್ನದಲ್ಲದ ಲೇನನ್ನೂ ಸೇರಿಸಿ ಕೊಟ್ಟುಬಿಡುತ್ತಿದ್ದೆ. ಅಲ್ಲಿ ಯಾರು ಬರುತ್ತಿದ್ದಾರೋ, ಎಷ್ಟು ಜೋರಾಗಿ ಬರುತ್ತಿದ್ದಾರೋ ನನಗೇನು ಗೊತ್ತು? ಇಷ್ಟು ವರ್ಷ ಏನೂ ಆಗದೆ ಇದ್ದದ್ದು ನನ್ನ ಸಭ್ಯತೆಯಿಂದಲ್ಲ, ಬೇರೆಯವರ ಎಚ್ಚರದಿಂದ. ಈ ಯೋಚನೆ ಬಂದರೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಒಂದು ದಿನ ಈಜಿನಿಂದ ಅವಳನ್ನು ಕರೆತರುವಾಗ ಹೇಳಿದೆ. "ನೀನು ಓಡಿಸ್ಬೇಡ. ಆದ್ರೆ ನನಗೊಂದು ಸಹಾಯ ಮಾಡು. ನನ್ನ ಕೈ ನೋಡ್ತಾ ಇರು. ಮೇಲೆ ಹೋದ್ರೆ ಹೇಳು."

ಒದ್ದೆ ಕೂದಲಿನಿಂದ ಕ್ಲೋರಿನ್ ವಾಸನೆ ಬೀರುತ್ತ ಅವಳು ಅನುಮಾನದಿಂದ ನನ್ನನ್ನು ನೋಡಿದಳು. ಮೊದಲ ಕೂಡುರಸ್ತೆಯಲ್ಲೇ ಚಟ್ಟನೆ ಅಂದಳು, "ಹ್ಯಾಂಡ್!"

ಕೈ ಇಳಿಸಿದೆ.

ಮುಂದಿನದರಲ್ಲಿ ನಾಯಿ ಹಿಡಿದ ಹೆಂಗಸೊಬ್ಬಳು ದಾಟಲು ನಿಂತಿದ್ದಳು. ನಾನು ನಿಲ್ಲಿಸಿ, ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟು, ಕಲ್ಲಿನಂತೆ ಕೂತೆ. ಆಕೆ ನನ್ನ ಮುಖ ನೋಡಿದಳು. ನನ್ನಿಂದ ಏನೂ ಸಿಗದೆ ಹೋದಾಗ ಎಡಕ್ಕೆ ನೋಡಿ, ಬಲಕ್ಕೆ ನೋಡಿ, ತಾನೇ ತೀರ್ಮಾನಿಸಿ ದಾಟಿದಳು. ಯಾರಿಗೋ ಬೇಕೆಂದೇ ಅವಮರ್ಯಾದೆ ಮಾಡಿದಂತೆ ನನಗೆ ಕಿವಿ ಬಿಸಿಯಾಯಿತು.

"ಅಮ್ಮ, ಸ್ಮೈಲ್ ಮಾಡ್ಬಹುದು," ಮಗಳು ಕಿಸಕ್ಕನೆ ನಕ್ಕಳು. "ಯು ಲುಕ್ಡ್ ಲೈಕ್ ಅ ಪೊಲೀಸ್ ಆಫೀಸರ್."

ಹೀಗೆ ಕೆಲವು ವಾರ ಅವಳು ನನ್ನ ಮೇಷ್ಟ್ರಾದಳು. ಕನ್ನಡಿ ನೋಡಲಿಲ್ಲ ಅಮ್ಮ. ಮುಂದಿನ ಕಾರಿಗೆ ತುಂಬಾ ಹತ್ತಿರ ಅಮ್ಮ. ಅವನು ಸಿಗ್ನಲ್ ಹಾಕಿದಾನೆ ಅಂತ ತಿರುಗ್ತಾನೆ ಅಂದ್ಕೋಬೇಡ ಅಮ್ಮ. ಹೇಳುತ್ತ ಹೇಳುತ್ತ ಅವಳ ಬೆನ್ನು ನೆಟ್ಟಗಾಗುತ್ತಿತ್ತು. ಕೊನೆಗೆ ಒಂದು ಸಂಜೆ ಎಡಕ್ಕೆ ತಿರುಗಲು ನಾನು ಬಹಳ ಹೊತ್ತು ತಡೆದು ನಿಂತದ್ದನ್ನು ಸಹಿಸಲಾರದೆ, "ಅಯ್ಯೋ, ಪಕ್ಕಕ್ಕೆ ಹಾಕು, ನಾನೇ ಓಡಿಸ್ತೀನಿ," ಅಂದಳು. ನಾನು ಮಾತಾಡದೆ ಇಳಿದು ಸೀಟು ಬದಲಿಸಿದೆ. ಮಾತಾಡಿದರೆ ಎಲ್ಲಿ ಮನಸ್ಸು ಬದಲಾಯಿಸುತ್ತಾಳೋ ಎಂಬ ಹೆದರಿಕೆ.

ಕಳೆದ ವಾರ ಬಡಾವಣೆಯ ಕೂಡುರಸ್ತೆಗೆ ನಾವು ಬರುವ ಮೊದಲೇ ಎದುರಿಗೆ ಬಿಳಿ ವ್ಯಾನೊಂದು ಬಂದು ನಿಂತಿತ್ತು. ಹೊರಡಬೇಕಾದವನು ಅವನು. ನಾವು ಎಡಕ್ಕೆ ತಿರುಗುವವರು. ಅವನು ಉದಾರವಾಗಿ ನಕ್ಕು ಕೈ ಬೀಸಿದ, ನೀವು ಹೋಗಿ. ಮಗಳು ತಲೆಯಾಡಿಸಿದಳು. ಅವನು ಮತ್ತೆ ಬೀಸಿದ, ಈ ಸಲ ಸ್ವಲ್ಪ ಜೋರಾಗಿ. ನನ್ನ ಬಲಗೈ ಮಡಿಲಿನಿಂದ ಏಳಲು ಹೊರಟಿತು. ಎಡಗೈಯಿಂದ ಅದನ್ನು ಹಿಡಿದುಕೊಂಡೆ. ಹಿಂದೆ ಯಾರೋ ಹಾರ್ನ್ ಹೊಡೆದರು. ಮಗಳ ಕೆನ್ನೆ ಕೆಂಪೇರಿತು, ಆದರೆ ಕಾಲು ಬ್ರೇಕಿನ ಮೇಲೇ ಇತ್ತು. ಕೊನೆಗೆ ವ್ಯಾನಿನವನು ಎರಡೂ ಕೈ ಮೇಲೆತ್ತಿ, ಏನೋ ಗೊಣಗುತ್ತ ನಮ್ಮನ್ನು ದಾಟಿ ಹೋದ.

ಅವನ ಹಿಂದೆ ಯಾರೂ ಇರಲಿಲ್ಲ. ಸೈಕಲ್ ಇರಲಿಲ್ಲ, ಮಗು ಇರಲಿಲ್ಲ, ಅಡ್ಡರಸ್ತೆ ಎರಡೂ ಕಡೆ ಖಾಲಿ. ನಾವು ಅವನ ಮಾತು ಕೇಳಿ ತಿರುಗಿದ್ದರೂ ಏನೂ ಆಗುತ್ತಿರಲಿಲ್ಲ.

"ಯಾರೂ ಇರ್ಲಿಲ್ಲ ನೋಡು," ಅಂದೆ, ಯಾಕೆ ಅಂದೆನೋ.

"ಐ ನೋ."

"ಅವನಿಗೆ ಬೇಜಾರಾಯ್ತೇನೋ."

"ಆಗ್ಲಿ ಅಮ್ಮ."

ಆ ಮಾತನ್ನು ಅವಳು ಒರಟಾಗಿ ಹೇಳಲಿಲ್ಲ. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಮತ್ತೊಮ್ಮೆ ಎಡಕ್ಕೆ ನೋಡಿ ನಿಧಾನವಾಗಿ ತಿರುಗಿಸಿದಳು. ಸೋಮವಾರ ಅವಳ ಡ್ರೈವಿಂಗ್ ಪರೀಕ್ಷೆ. ಪಾಸಾದರೆ ಮರುದಿನ ಬೆಳಿಗ್ಗೆ ಒಬ್ಬಳೇ ಯೂನಿಯನ್ ಸಿಟಿಗೆ ಹೋಗುತ್ತಾಳೆ. ಯಾರು ಎಷ್ಟು ನಕ್ಕು ಕೈ ಬೀಸಿದರೂ ತಾನು ನೋಡದೆ ಹೊರಡುವವಳಲ್ಲ ಎಂಬುದು ಗೊತ್ತು. ಆದರೂ ಅವಳು ಕೊಳದ ಬಳಿ ಇಳಿದು ಫೋನ್ ಮಾಡುವವರೆಗೆ ನಾನು ಒಲೆಯ ಮೇಲೆ ಏನನ್ನೂ ಇಡುವುದಿಲ್ಲ.